ಸತ್ಯದ ಖರ್ಚು ಯಾರ ಲೆಕ್ಕಕ್ಕೆ?

ಅಪ್ಪನ ಕಾರನ್ನು ಮಾರುವಾಗ ಒಂದು ಪ್ರಶ್ನೆ ಎದುರಾಯಿತು. ಕಾರು ಹೋಗಿ ಏಳು ತಿಂಗಳಾಯಿತು, ಪ್ರಶ್ನೆ ಇನ್ನೂ ನನ್ನ ಬಳಿಯೇ ಇದೆ.

ಅದು 1951ರ ಎಂಜಿ ಟಿಡಿ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1949ರಿಂದ 1953ರವರೆಗೆ ತಯಾರಾದ ಎರಡೇ ಸೀಟಿನ ರೋಡ್‌ಸ್ಟರ್. ತಲೆಯ ಮೇಲೆ ಬೇಕಾದಾಗ ಎಳೆದುಕೊಳ್ಳುವ ಕ್ಯಾನ್ವಾಸು, ಮುಂದಕ್ಕೆ ಮಡಚಿ ಮಲಗಿಸಬಹುದಾದ ಗಾಜು, 1250 ಸಿಸಿ ಎಂಜಿನ್. ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಆ್ಯಶ್ ಮರದ ಚೌಕಟ್ಟು, ಚೌಕಟ್ಟಿಗೆ ಹೊದಿಸಿದ ತಗಡು. ಒಟ್ಟು ಸುಮಾರು 30,000 ಕಾರುಗಳು ತಯಾರಾದವು, ಬಹುಪಾಲು ಅಮೆರಿಕಕ್ಕೆ ಹೋದವು. ಭಾರತಕ್ಕೆ ಬಂದ ಕೆಲವುಗಳಲ್ಲಿ ಒಂದು ನಾಸಿಕದ ಹಳೆಯ ಬಂಗಲೆಯೊಂದರ ಶೆಡ್ಡಿನಲ್ಲಿ, ಸೀಟಿನೊಳಗೆ ಇಲಿಗಳಿಗೆ ಜಾಗ ಕೊಟ್ಟು ಕೂತಿತ್ತು. 2006ರಲ್ಲಿ ನಿವೃತ್ತರಾದ ಅಪ್ಪ, ಕೈಗೆ ಬಂದ ಹಣದಲ್ಲಿ ಒಂದು ಪಾಲು ಕೊಟ್ಟು ಅದನ್ನು ಓಝರ್‌ಗೆ ಎಳೆಸಿಕೊಂಡು ಬಂದರು. ಅಮ್ಮ ಒಂದು ವಾರ ಅವರ ಜೊತೆ ಮಾತು ಬಿಟ್ಟಳು.

ಓಝರ್ ಅಂದರೆ ನಾಸಿಕದಿಂದ ಆಗ್ರಾ ರಸ್ತೆಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರು. ಸುತ್ತಮುತ್ತಲಿನವರು ಈಗಲೂ 'ಓಝರ್ ಮಿಗ್' ಎನ್ನುತ್ತಾರೆ. 1964ರಲ್ಲಿ ಮಿಗ್-21 ಕಟ್ಟಲೆಂದೇ ಇಲ್ಲಿ ಕಾರ್ಖಾನೆ ಶುರುವಾಯಿತು. ಎಂಜಿನ್ ಒಡಿಶಾದ ಕೊರಾಪುಟ್‌ನಲ್ಲಿ, ವಿದ್ಯುನ್ಮಾನ ಉಪಕರಣಗಳು ಹೈದರಾಬಾದಿನಲ್ಲಿ, ವಿಮಾನದ ಮೈ ಓಝರ್‌ನಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಿಂದ ವರ್ಗವಾಗಿ ಬಂದ ಕನ್ನಡದ ಸಂಸಾರಗಳಲ್ಲಿ ನಮ್ಮದೂ ಒಂದು. ತಿಪಟೂರಿನ ಕಡೆಯ ಅಪ್ಪ ಇಲ್ಲಿ ಗುಣಮಟ್ಟ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಆಗಿದ್ದರು. ವರ್ಷಗಟ್ಟಲೆ ಹಾರಿ ಓವರ್‌ಹಾಲ್‌ಗೆ ಬಂದ ವಿಮಾನವನ್ನು ಬಿಚ್ಚಿ ಹರಡುತ್ತಾರೆ. ಯಾವ ಭಾಗ ತೆಗೆದರು, ಯಾವುದು ಹಾಕಿದರು, ಯಾರು ನೋಡಿದರು, ಎಲ್ಲಕ್ಕೂ ದಾಖಲೆ, ದಾಖಲೆಗೆ ಮುದ್ರೆ. "ಕಾಗದ ಸರಿಯಿಲ್ಲದ ಭಾಗ ಎಷ್ಟೇ ಚೆನ್ನಾಗಿದ್ರೂ ಗುಜರಿ" ಎನ್ನುವುದು ಅಪ್ಪನ ಮಾತು. ಊಟದ ತಟ್ಟೆಯ ಮುಂದೆ ಇದನ್ನು ಕೇಳಿ ಕೇಳಿ ನಮಗೆ ಸಾಕಾಗಿತ್ತು.

ಕಾರಿಗೂ ಅವರು ಅದನ್ನೇ ಮಾಡಿದರು. ಆರು ವರ್ಷದ ಕೆಲಸ, ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಕೊಳೆತ ಆ್ಯಶ್ ಮರದ ಬದಲು ಸಾಗುವಾನಿ ಎಲ್ಲೆಲ್ಲಿ ಬಂತು, ಯಾವ ಬೇರಿಂಗ್ ಯಾವ ದಿನ, ಎಷ್ಟು ರೂಪಾಯಿ, ಪ್ರತಿ ಸಾಲಿನ ಕೊನೆಗೆ ಚಿಕ್ಕ ಸಹಿ. 2009ರ ಒಂದು ಪುಟದಲ್ಲಿ ಹೀಗಿದೆ: ಎಡಗಡೆಯ ಚಾಸಿ ತೊಲೆಯಲ್ಲಿ ಹಳೆಯ ಅಪಘಾತದ ಬಿರುಕು, ಸುತ್ತ ತುಕ್ಕು, ಹನ್ನೊಂದು ಇಂಚು ಕತ್ತರಿಸಿ ಹೊಸ ಉಕ್ಕು ಬೆಸೆಯಲಾಗಿದೆ. ಬೆಸೆದವರು ವಿಮಾನದ ಮೇಲೆ ಕೈ ಪಳಗಿದ್ದ ಅಪ್ಪನ ಹಳೆಯ ಸಹೋದ್ಯೋಗಿ. ಅದನ್ನು ಉಜ್ಜಿ, ಪ್ರೈಮರ್ ಹಚ್ಚಿ, ಬಣ್ಣ ಬಳಿದ ಮೇಲೆ ಯಾವ ಕಣ್ಣಿಗೂ ಕಾಣದು. ಮುಂದೆ ಹಲವು ವರ್ಷ, ಭಾನುವಾರ ಬೆಳಿಗ್ಗೆ ದ್ರಾಕ್ಷಿ ತೋಟಗಳ ನಡುವಿನ ರಸ್ತೆಯಲ್ಲಿ ಅಪ್ಪ ಅದನ್ನು ಓಡಿಸಿದರು. 2023ರಲ್ಲಿ ತೀರಿಕೊಂಡರು.

ಕಾರು ನನಗೂ ಅಕ್ಕನಿಗೂ ಬಂತು. ಪುಣೆಯಲ್ಲಿ ನನಗಿರುವುದು ಒಂದೇ ಪಾರ್ಕಿಂಗ್. ಅಕ್ಕನಿಗೆ ಮಗಳ ಕಾಲೇಜಿನ ಫೀಜು. ಆನ್‌ಲೈನ್ ಹರಾಜಿನಲ್ಲಿ ಮಾರುವುದೆಂದು ತೀರ್ಮಾನವಾಯಿತು. ಫೋಟೊ ತೆಗೆಸಿ, ವಿವರ ಬರೆಸಿ ಹರಾಜಿಗೆ ಏರಿಸಿಕೊಡುವ ಮಧ್ಯವರ್ತಿ ಬಂದು ನೋಡಿದರು. ಇಪ್ಪತ್ತೆಂಟು ಲಕ್ಷಕ್ಕೆ ಮೋಸವಿಲ್ಲ ಎಂದರು. ನಾನು ನೋಟ್‌ಬುಕ್ಕು ತೋರಿಸಿದೆ. ಅವರು ಆ ಪುಟಕ್ಕೆ ಬಂದು ನಿಂತರು.

"ಇದನ್ನು ಯಾಕೆ ಹಾಕ್ತೀರಿ? ಚಾಸಿ ಬೆಸೆದಿದೆ ಅಂದ ಕೂಡಲೆ ಐದಾರು ಲಕ್ಷ ಇಳಿಯುತ್ತೆ. ಇದು ದೋಷವಲ್ಲ, ರಿಪೇರಿ. ಯಾರಾದರೂ ಕೇಳಿದರೆ ಸುಳ್ಳು ಹೇಳಬೇಡಿ. ಕೇಳದಿದ್ದರೆ ಸುಮ್ಮನಿರಿ."

ಈ ಮಾತನ್ನು ಕಳ್ಳನ ಮಾತೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸಲಿಲ್ಲ. ಅದರಲ್ಲಿ ಒಂದು ವಾದವಿದೆ, ಬಹಳ ಹಳೆಯ ವಾದ.

ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ತನ್ನ ಮಗನನ್ನು ಉದ್ದೇಶಿಸಿ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರ ಮೂರನೆಯ ಭಾಗದಲ್ಲಿ ಒಬ್ಬ ಮನೆ ಮಾರುತ್ತಾನೆ. ಮನೆಯ ಮರ ಹಾಳಾಗಿದೆ, ಕೋಣೆಗಳಲ್ಲಿ ಹುಳಹುಪ್ಪಟೆ, ಆದರೆ ಇದು ಒಡೆಯನೊಬ್ಬನಿಗೇ ಗೊತ್ತು. ಹೇಳಬೇಕೇ? ಇಬ್ಬರು ತತ್ವಜ್ಞಾನಿಗಳು ವಾದಕ್ಕೆ ನಿಲ್ಲುತ್ತಾರೆ. ಡಯೋಜಿನಿಸ್ ಹೇಳುತ್ತಾನೆ: ಮಾರುವವನು ಯಾರನ್ನೂ ಬಲವಂತ ಮಾಡಿಲ್ಲ. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ಹರಾಜು ಕೂಗುವವನು ಬೀದಿಯಲ್ಲಿ ನಿಂತು 'ರೋಗ ತರುವ ಮನೆ ಮಾರಾಟಕ್ಕಿದೆ' ಎಂದು ಕೂಗಿದರೆ ಅದಕ್ಕಿಂತ ನಗೆಪಾಟಲು ಉಂಟೇ? ಆ್ಯಂಟಿಪೇಟರ್ ಒಪ್ಪುವುದಿಲ್ಲ. ಗೊತ್ತಿದ್ದೂ ಇನ್ನೊಬ್ಬನನ್ನು ತಪ್ಪಿಗೆ ಬೀಳಲು ಬಿಡುವುದು, ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತ ಕೆಟ್ಟದ್ದು ಎನ್ನುತ್ತಾನೆ. ಸಿಸೆರೊ ಇವನ ಕಡೆ. ಪ್ರತಿ ಮೌನವೂ ಮುಚ್ಚಿಡುವುದಲ್ಲ ಎಂದು ಅವನೂ ಒಪ್ಪುತ್ತಾನೆ. ಆದರೆ ತಿಳಿದುಕೊಳ್ಳುವುದು ಯಾರಿಗೆ ಅಗತ್ಯವೋ ಅವರಿಗೇ, ನಿನ್ನ ಲಾಭಕ್ಕಾಗಿ, ತಿಳಿಯದಿರಲಿ ಎಂದು ನೀನು ಬಯಸಿದರೆ ಅದು ಮುಚ್ಚಿಡುವುದು.

ಈ ಅಳತೆಗೋಲನ್ನು ಹಿಡಿದುಕೊಂಡು ನಾನು ಲಾಸಲಗಾಂವ್ ನೆನೆದೆ. ಓಝರ್‌ನಿಂದ ದೂರವಿಲ್ಲದ ಆ ದೊಡ್ಡ ಈರುಳ್ಳಿ ಮಾರುಕಟ್ಟೆಯಲ್ಲಿ ಟ್ರಾಕ್ಟರುಗಳ ಸಾಲು ನಿಂತಿರುತ್ತದೆ. ವ್ಯಾಪಾರಿಗಳು ಗುಂಪಾಗಿ ಒಂದೊಂದೇ ಟ್ರಾಲಿಯ ಬಳಿ ಬರುತ್ತಾರೆ, ರಾಶಿಯಿಂದ ಎತ್ತಿ ಒತ್ತಿ ನೋಡುತ್ತಾರೆ, ಆಮೇಲೆ ಕೂಗುತ್ತಾರೆ. ಅಲ್ಲಿ ರೈತ ಸುಮ್ಮನಿದ್ದರೂ ಈರುಳ್ಳಿ ಮಾತಾಡುತ್ತದೆ. ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವನಿಗೆ ಕೈ ಇಲ್ಲ, ಮೂಗಿಲ್ಲ. ನಾವು ಆರಿಸಿ ಕೊಟ್ಟ ಫೋಟೊಗಳೇ ಅವನ ಕಣ್ಣು. ಚಾಸಿಯ ಕೆಳಗೆ ಮಲಗಿ ಬ್ಯಾಟರಿ ಬೆಳಕಿನಲ್ಲಿ ನೋಡುವ ಅವಕಾಶ ಬಹಳ ಜನಕ್ಕೆ ಇರುವುದಿಲ್ಲ. ಕೇಳಲು ಏನಿದೆ ಎಂದೇ ತಿಳಿಯದವನು ಕೇಳಲಿಲ್ಲ ಎನ್ನುವುದು ನನ್ನ ಮೌನಕ್ಕೆ ಸಮರ್ಥನೆಯಾಗುತ್ತದೆಯೇ?

ಮಧ್ಯವರ್ತಿಯ ಇನ್ನೊಂದು ಮಾತು ಉಳಿಯಿತು: ಇದು ದೋಷವೇ ಅಲ್ಲ. ಇದೂ ನಿಜವಿರಬಹುದು. ಹಳೆಯ ಕಾರುಗಳ ಲೋಕದಲ್ಲಿ 'ಅಸಲಿ' ಎಂಬ ಪದದಷ್ಟು ಜಾರುವುದು ಇನ್ನೊಂದಿಲ್ಲ. 1929ರಲ್ಲೂ 1930ರಲ್ಲೂ ಲೆ ಮಾನ್ ರೇಸು ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿಯ ಕತೆ ಕೇಳಿ. ವರ್ಷ ವರ್ಷ ಅದರ ಭಾಗಗಳು ಬದಲಾಗುತ್ತ ಹೋದವು, 1932ರ ಭೀಕರ ಅಪಘಾತದ ಮೇಲೆ ಮೈಯೇ ಬದಲಾಯಿತು. ಮುಂದೆ ಒಂದು ಕೋಟಿ ಪೌಂಡಿಗೆ ಮಾತಾದಾಗ, ಗೆದ್ದ ಕಾರಿನದು ಇದರಲ್ಲಿ ಏನೂ ಉಳಿದಿಲ್ಲವೆಂದು ಕೊಳ್ಳುವವರು ಹಿಂದೆ ಸರಿದರು. 1990ರಲ್ಲಿ ಲಂಡನ್ನಿನ ನ್ಯಾಯಾಲಯ ಮಾರುವವನ ಪರ ತೀರ್ಪು ಕೊಟ್ಟಿತು. ಭಾಗಗಳು ಬದಲಾದರೂ ಕಾರಿನ ಬಾಳು ಎಲ್ಲೂ ತುಂಡಾಗಿಲ್ಲ, ಆದ್ದರಿಂದ ಇದು ಅದೇ ಎಂಬುದು ತೀರ್ಪಿನ ಸಾರ.

ಅಪ್ಪ ಈ ಕತೆ ಓದಿದ್ದರೋ ಇಲ್ಲವೋ. ಅವರ ಕಾರ್ಖಾನೆಯ ನಂಬಿಕೆಯಂತೂ ಅದೇ ಆಗಿತ್ತು. ಅರ್ಧಕ್ಕರ್ಧ ಬದಲಾಗಿ ಹೊರಟ ಮಿಗ್ ಅದೇ ಮಿಗ್, ಯಾಕೆಂದರೆ ಬದಲಾದದ್ದೆಲ್ಲ ಬರೆದಿದೆ. ಹಾಗೆ ನೋಡಿದರೆ ಆ ಹನ್ನೊಂದು ಇಂಚಿನ ಬೆಸುಗೆ ಕಾರಿನ ಚರಿತ್ರೆಯ ಒಂದು ಪುಟ ಅಷ್ಟೆ. ಅದು ದೋಷವಾಗುವುದು ಪುಟ ಹರಿದಾಗ.

ಇಷ್ಟಕ್ಕೆ ನಿಲ್ಲಿಸಿದ್ದರೆ ಇದು ಸುಲಭದ ಪ್ರಬಂಧವಾಗುತ್ತಿತ್ತು. ನಾನು ಅಕ್ಕನಿಗೆ ಫೋನ್ ಮಾಡಿದೆ. ಸಿಸೆರೊನನ್ನೂ ಹೇಳಿದೆ, ಅಪ್ಪನನ್ನೂ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಗಾಡಿ ಚೆನ್ನಾಗಿದೆ ತಾನೆ?"

"ಚೆನ್ನಾಗಿದೆ."

"ಕೊಂಡವರಿಗೆ ಏನೂ ಆಗಲ್ಲ ತಾನೆ?"

"ಆಗಲ್ಲ ಅನ್ಕೋತೀನಿ."

"ಮತ್ತೆ ಯಾಕೋ? ನಿನಗೆ ತಿಂಗಳು ತಿಂಗಳು ಸಂಬಳ ಬರುತ್ತೆ, ನಿನಗೆ ಸತ್ಯ ಸುಲಭ. ಇಳಿಯೋ ಆರು ಲಕ್ಷದಲ್ಲಿ ಮೂರು ನಂದು."

ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ನೆನಪಾದದ್ದು ಹರಿಶ್ಚಂದ್ರ. ಚಿಕ್ಕಂದಿನಿಂದ ನಾವು ಕೇಳಿದ ಹರಿಶ್ಚಂದ್ರನ ಕತೆಯಲ್ಲಿ ಕಣ್ಣೆಲ್ಲ ರಾಜನ ಮೇಲೆ. ಆದರೆ ಅವನ ಸತ್ಯಕ್ಕಾಗಿ ಕಾಶಿಯ ಬೀದಿಯಲ್ಲಿ ಮೊದಲು ಮಾರಾಟವಾದವರು ಚಂದ್ರಮತಿ ಮತ್ತು ಲೋಹಿತಾಶ್ವ. ಮಾತು ಕೊಟ್ಟವನು ಅವನು, ಬೆಲೆ ಕಟ್ಟಿಸಿಕೊಂಡವರು ಅವರು. ರಾಘವಾಂಕನಂಥ ದೊಡ್ಡ ಕವಿಯ ಕೈಗೆ ಸಿಕ್ಕ ಆ ಕತೆಯನ್ನು ತೂಗಿನೋಡುವ ಯೋಗ್ಯತೆ ನನಗಿಲ್ಲ. ನಾನು ಹೇಳುವುದು ನನ್ನಂಥವರ ಮಾತು. ಕಚೇರಿಯಲ್ಲಿ, ಮನೆಯಲ್ಲಿ, ನಾವು ಆಡುವ ಅನೇಕ ದಿಟ್ಟ ಸತ್ಯಗಳ ಬಿಲ್ಲು ಇನ್ನಾರದೋ ಮೇಜಿಗೆ ಹೋಗುತ್ತದೆ. ಸತ್ಯ ಹೇಳಿದ ತೃಪ್ತಿ ನಮ್ಮದು, ಕಳೆದುಕೊಂಡದ್ದು ಪಕ್ಕದವರದು.

ಹಾಗೆಂದು ಸುಮ್ಮನಿರಬಹುದೇ? ಅಕ್ಕನ ಕಷ್ಟ ನಿಜ, ಆದರೆ ಅದನ್ನು ಕೊಳ್ಳುವವನ ಜೇಬಿನಿಂದ ಅವನಿಗೆ ಗೊತ್ತಾಗದಂತೆ ತೀರಿಸುವ ಹಕ್ಕು ನಮಗಿಲ್ಲ. ನನಗೆ ಕೊನೆಗೆ ಹೊಳೆದದ್ದು ಇಷ್ಟು: ಇಲ್ಲಿ ಇದ್ದದ್ದು ಎರಡು ಪ್ರಶ್ನೆ. ಸತ್ಯ ಹೇಳಬೇಕೇ ಎಂಬುದು ಒಂದು, ಅದರ ಖರ್ಚು ಯಾರದು ಎಂಬುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡದ್ದರಿಂದ ನಾನು ಮತ್ತು ಅಕ್ಕ ಎದುರುಬದುರಾಗಿದ್ದೆವು. ಹೇಳುವ ಹಟ ನನ್ನದಾದರೆ ಖರ್ಚೂ ನನ್ನದೇ ಆಗಬೇಕು.

ಮರುದಿನ ಅಕ್ಕನಿಗೆ ಹೇಳಿದೆ: ಎಷ್ಟಕ್ಕೇ ಹೋಗಲಿ, ನಿನಗೆ ಹದಿನಾಲ್ಕು ಲಕ್ಷ, ಉಳಿದದ್ದು ನನಗೆ. "ನಿನ್ನಿಷ್ಟ" ಎಂದಳು.

ವಿವರ ಬರೆಯಲು ಕೂತಾಗ ಇನ್ನೊಂದು ಬಲೆ ಕಾದಿತ್ತು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿದವನು ನಾನು. ಬಿಡುಗಡೆಗೆ ಮುಂಚೆ ಗೊತ್ತಿರುವ ದೋಷಗಳ ಪಟ್ಟಿಯನ್ನು ಗ್ರಾಹಕನಿಗೆ ಕೊಡುವಾಗ, ಹೇಳಿದಂತೆಯೂ ಇರಬೇಕು, ಕೇಳಿಸಿದಂತೆಯೂ ಇರಬಾರದು, ಹಾಗೆ ಬರೆಯುವ ವಿದ್ಯೆ ನನಗೆ ಚೆನ್ನಾಗಿ ಒಲಿದಿದೆ. ಮೊದಲ ಕರಡಿನಲ್ಲಿ 'ಚಾಸಿಗೆ ಅಗತ್ಯವಿದ್ದ ಕಡೆ ವೃತ್ತಿಪರ ದುರಸ್ತಿ' ಎಂದು ಬರೆದಿದ್ದೆ. ಒಂದು ಅಕ್ಷರವೂ ಸುಳ್ಳಲ್ಲ. ಓದಿದವನಿಗೆ ಏನೂ ತಿಳಿಯುವುದೂ ಇಲ್ಲ. ಅದನ್ನು ಅಳಿಸಿ ಅಪ್ಪನ ಸಾಲನ್ನೇ, ಇಂಚಿನ ಲೆಕ್ಕದ ಸಮೇತ ಇಟ್ಟೆ. ಆ ಪುಟದ ಫೋಟೊ ಕೂಡ ಸೇರಿಸಿದೆ. ಮಧ್ಯವರ್ತಿ ತಲೆ ಅಲ್ಲಾಡಿಸಿದರು, ಆದರೆ ಹಾಕಿದರು.

ಹರಾಜಿನ ಕೊನೆಯ ಹತ್ತು ನಿಮಿಷ ಮೊಬೈಲ್ ಹಿಡಿದು ಕೂತಿದ್ದೆ. ಇಪ್ಪತ್ತೆರಡೂವರೆ ಲಕ್ಷಕ್ಕೆ ನಿಂತಿತು. ಬೆಸುಗೆಯ ವಿಷಯ ಹೇಳದಿದ್ದರೆ ಇಪ್ಪತ್ತೆಂಟು ಆಗುತ್ತಿತ್ತೇ? ಯಾರಿಗೆ ಗೊತ್ತು. ಅದು ಮಧ್ಯವರ್ತಿಯ ಅಂದಾಜು, ಆ ದಿನ ಕೊಳ್ಳುವವರೇ ಕಡಿಮೆ ಇದ್ದಿರಬಹುದು. ಸತ್ಯಕ್ಕೆ ಎಷ್ಟು ತೆತ್ತೆವು ಎಂಬುದು ಸರಿಯಾಗಿ ಎಂದೂ ಗೊತ್ತಾಗುವುದಿಲ್ಲ. ಅದರ ಬಗ್ಗೆ ಹೆಮ್ಮೆಪಡದಿರುವುದಕ್ಕೆ ಅದೂ ಒಂದು ಕಾರಣ.

ಅಕ್ಕ ಹದಿನಾಲ್ಕು ಲಕ್ಷ ತೆಗೆದುಕೊಂಡಳು. ಅವಳು ಬೇಡವೆನ್ನಬಹುದು, ಅರ್ಧರ್ಧ ಮಾಡೋಣ ಎನ್ನಬಹುದು ಎಂಬ ಆಸೆ ಒಳಗೆಲ್ಲೋ ಇತ್ತೆಂದು ಆಗ ತಿಳಿಯಿತು. ಅವಳು ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಖರ್ಚು ನನ್ನದೆಂದ ಮೇಲೆ ಅದನ್ನು ಯಾರಾದರೂ ಹಂಚಿಕೊಳ್ಳಲಿ ಎಂದು ಕಾಯುವುದು ಲೆಕ್ಕವಲ್ಲ.

ಹೋದ ಸೆಪ್ಟೆಂಬರ್ 26ರಂದು, 2025ರಲ್ಲಿ, ಚಂಡೀಗಢದಲ್ಲಿ ಮಿಗ್-21ಗಳಿಗೆ ವಿದಾಯ ಹೇಳಿದರು. ಓಝರ್‌ನ ಮನೆಯಲ್ಲಿ ಅಮ್ಮ ಟಿವಿ ಮುಂದೆ ಕೂತು ನೋಡಿದಳಂತೆ. ಅದರ ಹಿಂದಿನ ವಾರವಷ್ಟೇ ಕಾರು ಲಾರಿ ಏರಿ ಹೋಗಿತ್ತು. ನೋಟ್‌ಬುಕ್ಕನ್ನು ಕಾರಿನ ಜೊತೆಗೇ ಕಳಿಸಿದೆ. ಇಟ್ಟುಕೊಳ್ಳಬೇಕೆಂದು ಆಸೆಯಿತ್ತು, ಆದರೆ ಅದು ಕಾರಿನ ಭಾಗ. ಕಳಿಸುವ ಮುಂಚೆ ಕೊನೆಯ ಪುಟದಲ್ಲಿ ತಾರೀಕು ಹಾಕಿ, ಮಾರಾಟವಾಯಿತು ಎಂದು ಬರೆದು, ಅಪ್ಪನಂತೆ ಸಾಲಿನ ಕೊನೆಗೆ ಚಿಕ್ಕದಾಗಿ ಸಹಿ ಮಾಡಿದೆ.