ಕೊಂಬಿನ ಕಥೆ, ಗೊರಸಿನ ಕಥೆ

‘ಕೋಣನೆರಡುಂ ಹೋರೆ ಗಿಡುವಿಂಗೆ ಮಿತ್ತು.’ ಕೋಣಗಳೆರಡು ಕಾದಾಡಿದರೆ ನಡುವಿನ ಗಿಡಕ್ಕೆ ಸಾವು. ಗಾದೆ ಕೇಳಿದವರ ಕಣ್ಣು ಮೊದಲು ಹೋಗುವುದು ಕೊಂಬಿನತ್ತ. ಆದರೆ ಗಿಡ ಸಾಯುವುದು ಗೊರಸಿಗೆ ಸಿಕ್ಕಿ. ಸೋತ ಕೋಣವಾದರೂ ಓಡಿ ಬದುಕೀತು. ಬೇರು ಬಿಟ್ಟದ್ದು ಎಲ್ಲಿಗೆ ಓಡೀತು?

ಮಾಧವರಂನಲ್ಲಿ ನಿಂತು ಈ ಮಾತು ನೆನೆದರೆ ಕನ್ನಡಿಗರಿಗೆ ಕೊಂಚ ನೋಯಬೇಕು. ಇಂದು ಹಾಲಿನ ಡೇರಿ, ಆಂಧ್ರದ ಬಸ್ಸುಗಳ ನಿಲ್ದಾಣವಿರುವ ಚೆನ್ನೈನ ಈ ಉತ್ತರದಂಚು 1780ರಲ್ಲಿ ಮದರಾಸಿನ ಹೊರಗಿನ ಹಳ್ಳಿಗಾಡು. ಆ ಜುಲೈನಲ್ಲಿ ಘಟ್ಟ ಇಳಿದು ಬಂದ ಕೋಣ ನಮ್ಮದೇ, ಹೈದರ್ ಅಲಿಯ ಮೈಸೂರು ಸೇನೆ. ಅವನೊಂದಿಗಿನ 1769ರ ಒಪ್ಪಂದಕ್ಕೆ ತಪ್ಪಿ ನಡೆದದ್ದು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ, ಹೈದರನ ಸಿಟ್ಟಿಗೆ ಕಾರಣವಿತ್ತು, ನಿಜ. ಯಾರ ಸಿಟ್ಟು ನ್ಯಾಯವಾದದ್ದೆಂದು ಗಿಡ ಕೇಳುತ್ತದೆಯೇ? ಕಂಪನಿಯ ದಂಡಿಗೆ ಕಾಳು, ದನ ದಕ್ಕಬಾರದೆಂದು ಅವನ ಸವಾರರು ಮದರಾಸಿನ ಸುತ್ತಲ ಊರುಗಳಿಗೆ ಬೆಂಕಿಯಿಟ್ಟರು. ಗುಂಟೂರಿನಿಂದ ಬರುತ್ತಿದ್ದ ಕಂಪನಿಯ ಸೇನಾಧಿಕಾರಿ ಬೇಲಿಯ ಪಡೆ ಮದರಾಸಿನ ಉತ್ತರಕ್ಕೆ ಕೊಸಸ್ತಲೈ ಹೊಳೆಯ ನೆರೆಯಿಂದ ತಡವಾಗಿ, ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ನುಚ್ಚುನೂರಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಗೆಲುವು ಇಂದಿಗೂ ಬಣ್ಣದಲ್ಲಿದೆ: ಆನೆ, ಕುದುರೆ, ಪಲ್ಲಕ್ಕಿಯೊಳಗೆ ಬೇಲಿ. ನೋಡಿ ಹಿಗ್ಗುವವರು ಹಿಗ್ಗಲಿ. ಮನೆ ಸುಟ್ಟುಹೋದವರನ್ನು ಆ ಗೋಡೆಯ ಮೇಲೆ ಹುಡುಕಬೇಡಿ.

ಅವರು ಸಿಗುವುದು ಎದುರು ಪಾಳೆಯದವನ ಬರಹದಲ್ಲಿ. 73ನೇ ಹೈಲ್ಯಾಂಡರ್ಸ್ ಪಡೆಯ ಅಧಿಕಾರಿ ಇನ್ನೆಸ್ ಮನ್ರೋ ಈ ಯುದ್ಧದ ಕಥೆಯನ್ನು ಪತ್ರಗಳ ರೂಪದಲ್ಲಿ ಬರೆದು 1789ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದ. ಮದರಾಸಿನಲ್ಲಿ ಹಸಿವಿನಿಂದ ಬಿದ್ದು ಸತ್ತವರ ಸಂಗತಿ ಅದರಲ್ಲಿದೆ. ಅವನೂ ಒಂದು ಕೋಣದ ಕಡೆಯವನೇ. ಆದರೂ ಕಾಲಡಿ ನೋಡಿದ. ಆ ಒಂದು ಕಾರಣಕ್ಕೆ ಅವನ ಮೇಲೆ ನನಗೆ ಗೌರವ.

ಹೊಲ ಸುಟ್ಟ ಮೇಲೆ ಮದರಾಸಿಗೆ ಅಕ್ಕಿ ಬರಬೇಕಾದದ್ದು ಸಮುದ್ರದಿಂದ. ಅಲ್ಲಿ ಫ್ರೆಂಚರ ನೌಕಾಪಡೆಯ ಕಾಟ. 1782ರ ಅಕ್ಟೋಬರಿನ ಬಿರುಗಾಳಿಗೆ ಅಕ್ಕಿಯ ಹಡಗುಗಳೂ ಒಡೆದುಹೋದವು. 1784ರ ಮಾರ್ಚಿನಲ್ಲಿ ಮಂಗಳೂರಿನಲ್ಲಿ ಒಪ್ಪಂದವಾಗಿ, ಗೆದ್ದ ನೆಲವನ್ನು ಎರಡೂ ಕಡೆಯವರು ಹಿಂದಕ್ಕೆ ಕೊಟ್ಟರು. ಕಾದಾಟ ಶುರುವಾದಲ್ಲಿಗೇ ಬಂದು ನಿಂತವು ಎರಡು ಕೋಣ.

ಈ ನಡುವೆ, ಸುಟ್ಟ ಊರುಗಳಿಂದ ಮದರಾಸಿಗೆ ಓಡಿಬಂದವರಿಗೆ 1782ರಲ್ಲಿ ಗಂಜಿ ಕಾಯಿಸಿ ಹಾಕಲು ಹುಟ್ಟಿದ್ದು ಮಣೆಗಾರ್ ಛತ್ರ. ಮುಂದೆ ಅಲ್ಲೇ ರೋಗಿಗಳನ್ನು ನೋಡತೊಡಗಿದರು. ಉತ್ತರ ಚೆನ್ನೈನ ಬಡವರು ಇಂದು ಹೋಗುವ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆಯ ಮೂಲ ಅದೇ. ಜನರ ಬಾಯಲ್ಲಿ ಅದಕ್ಕಿದ್ದ ಹೆಸರು ಕಂಜಿ ತೊಟ್ಟಿ ಆಸ್ಪತ್ರೆ.