ಭಾರ ಮತ್ತು ಅತಿಭಾರ

ಅರವತ್ತಾರನೆಯ ವಯಸ್ಸಿನಲ್ಲಿ ನಾನು ಭಾರ ಎತ್ತುವ ವ್ಯಾಯಾಮವನ್ನು ಕಲಿಯತೊಡಗಿದ ಸುದ್ದಿ ಕೇಳಿ, ಐರಣಿಯ ಹಿರಿಯರೊಬ್ಬರು ಸ್ವಾಧ್ಯಾಯ ಮುಗಿದೊಡನೆ ಪ್ರಶ್ನಿಸಿದರು: “ದೇಹ ಬೇರೆ, ಆತ್ಮ ಬೇರೆ ಅಂತ ಈಗಷ್ಟೇ ಓದಿದಿ. ಬಿಟ್ಟುಹೋಗೋ ದೇಹಕ್ಕೆ ಈ ಶೃಂಗಾರ ಯಾತಕ್ಕಪ್ಪಾ?”

ಪ್ರಶ್ನೆ ಹಗುರವಾದುದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಬಲದ ಮದವೂ ಉಂಟು, ಶರೀರದ ಮದವೂ ಉಂಟು. ವ್ಯಾಯಾಮಶಾಲೆಯ ನಿಲುಗನ್ನಡಿಯ ಮುಂದೆ ಇವೆರಡೂ ಜೊತೆಯಾಗಿಯೇ ನಿಂತಿರುತ್ತವೆ. ಆದರೆ ಪಂಚಾಚಾರಗಳಲ್ಲಿ ವೀರ್ಯಾಚಾರವೂ ಒಂದು. ಇರುವ ಶಕ್ತಿಯನ್ನು ಮರೆಮಾಚದಿರುವುದೇ ಅದರ ತಾತ್ಪರ್ಯ. ಕುಳಿತವನು ಕೈಯೂರದೆ ಏಳಲಾರನಾದರೆ ಸಾಮಾಯಿಕಕ್ಕೂ ಕುರ್ಚಿ ಬೇಕಾಗುತ್ತದೆ. ವಯಸ್ಸಾದಂತೆ ಸ್ನಾಯುಗಳು ಕರಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವೃದ್ಧರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನು ಹೇಳಿದೆ. ಹಿರಿಯರಿಗೆ ಇಷ್ಟನ್ನು ಹೇಳಿ ಗೆದ್ದೆನೆಂದುಕೊಂಡೆ.

ಕಲಿಸುವ ಹುಡುಗನು ಮೊದಲು ಬರಿಯ ಕಬ್ಬಿಣದ ಸಲಾಕೆಯನ್ನು ಕೊಟ್ಟ. ಅದೇ 20 ಕಿಲೋ. ಹನ್ನೆರಡು ಬಾರಿ ಬೆನ್ನು ಬಾಗದಂತೆ ಎತ್ತಿ ಇಳಿಸಿದ ಮೇಲೆಯೇ ತೂಕ ಸೇರಿಸಬೇಕು, ಒಂದು ದಿನ ಮಾಡಿದರೆ ಮರುದಿನ ವಿಶ್ರಾಂತಿ, ಎಂಬುದು ಅವನ ನಿಯಮ. ಮೂರನೆಯ ಸಲ, ಪಕ್ಕದ ತರುಣನನ್ನು ನೋಡಿ, ಹುಡುಗನು ಬೇಡವೆಂದರೂ ಎರಡು ತಟ್ಟೆಗಳನ್ನು ಏರಿಸಿದೆ. ಸೊಂಟ ಹಿಡಿಯಿತು. ಹತ್ತು ದಿನ ಹಾಸಿಗೆ.

ಮಲಗಿದ್ದಾಗ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲೊಂದಾದ ಅತಿಭಾರಾರೋಪಣವು ನೆನಪಾಯಿತು. ಎತ್ತಿನ ಮೇಲೆ ಮಿತಿಮೀರಿ ಹೇರಬಾರದೆಂದಷ್ಟೇ ನಾನು ಅದಕ್ಕೆ ಅರ್ಥ ಮಾಡಿಕೊಂಡಿದ್ದೆ. ನಮ್ಮ ಮನೆಯಲ್ಲಿ ಎತ್ತೂ ಇರಲಿಲ್ಲ, ಆದ್ದರಿಂದ ದೋಷವೂ ಇರಲಿಲ್ಲ! ರಾಣೆಬೆನ್ನೂರಿನ ದಲಾಲಿ ಅಂಗಡಿಯಲ್ಲಿ ನಲವತ್ತು ವರ್ಷ ಕುಳಿತವನು ನಾನು. ಕ್ವಿಂಟಲ್ ತೂಗುವ ಚೀಲಗಳು ನನ್ನ ಕಣ್ಣೆದುರಿಗೇ ಹಮಾಲರ ಬೆನ್ನೇರಿದವು. ಅವರಿಗೆ ಬರಿಯ ಸಲಾಕೆಯ ಅಭ್ಯಾಸವನ್ನು ಯಾರು ಮಾಡಿಸಿದ್ದರು? ಮರುದಿನದ ವಿಶ್ರಾಂತಿಯನ್ನು ಯಾರು ಕೊಟ್ಟಿದ್ದರು? ಬಿ.ಕಾಂ. ಓದಿದ ನನ್ನ ಖಾತೆಪುಸ್ತಕದಲ್ಲಿ ‘ಹಮಾಲಿ’ ಎಂಬುದು ಖರ್ಚಿನ ಒಂದು ಬಾಬತ್ತು ಮಾತ್ರವಾಗಿತ್ತು.

ನನ್ನನ್ನು ನೋಡಲು ಹಳೆಯ ಹಮಾಲರೊಬ್ಬರು ಬಂದರು. ನನ್ನ ವಯಸ್ಸಿನವರೇ, ಬೆನ್ನು ಪೂರ್ಣ ಬಾಗಿದೆ. ಎಷ್ಟು ಕಿಲೋ ಎಂದು ಕೇಳಿದರು. ಮೂವತ್ತು ಎಂದೆ. ನಗಲಿಲ್ಲ. “ಎತ್ತೂದು ಹೆಂಗರ ಆಗತೈತ್ರಿ ಸಾವ್ಕಾರ್ರ, ಇಳಸೂದ ಕಲೀಬೇಕ್ರಿ” ಎಂದರು.

ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದ ಬಾಹುಬಲಿಯು ಅವನನ್ನು ನೆಲಕ್ಕಪ್ಪಳಿಸದೆ ಇಳಿಸಿದ ಪ್ರಸಂಗವನ್ನು ಎಷ್ಟೋ ಸಲ ಕೇಳಿದ್ದೇನೆ. ಆ ತೋಳುಗಳು ಎಷ್ಟು ನಿಧಾನವಾಗಿ ಇಳಿದಿರಬಹುದೆಂದು ಎಂದೂ ಯೋಚಿಸಿರಲಿಲ್ಲ.

ಈಗ ಪುನಃ ಬರಿಯ ಸಲಾಕೆಯಿಂದ ಆರಂಭಿಸಿದ್ದೇನೆ. ಅಂಗಡಿಯಲ್ಲಿ 50 ಕಿಲೋ ಮೀರಿದ ಚೀಲ ಬೇಡವೆಂದು ಮಕ್ಕಳಿಗೆ ಹೇಳಿದೆ. ರೈತರು ತುಂಬಿ ತಂದುದನ್ನು ಬಿಚ್ಚಿ ಮತ್ತೆ ತುಂಬಿಸುವ ಖರ್ಚು ಯಾರದು ಎಂದು ಹಿರಿಯ ಮಗ ಕೇಳಿದ್ದಾನೆ. ಲೆಕ್ಕ ಹಾಕುತ್ತಿದ್ದೇನೆ.