ಮಾತು ನಿಂತವನ ಮತಿ

ಮನೆಯ ಹಿರಿಯನಿಗೆ ಲಕ್ವ ಹೊಡೆದು, ಬಲಗೈ ಬಲಗಾಲುಗಳ ಸ್ವಾಧೀನ ತಪ್ಪಿ, ಅದರೊಡನೆ ಮಾತೂ ನಿಂತುಹೋದರೆ, ಆ ಮನೆಯಲ್ಲಿ ಎರಡು ವ್ಯತ್ಯಾಸಗಳು ಬಹು ಬೇಗನೆ ತಲೆದೋರುತ್ತವೆ. ನೋಡಬಂದವರು ಅವನ ಕ್ಷೇಮವನ್ನು ಅವನನ್ನೇ ಕೇಳದೆ ಪಕ್ಕದಲ್ಲಿ ನಿಂತವರನ್ನು ಕೇಳತೊಡಗುತ್ತಾರೆ. ಕೆಲವು ದಿನಗಳ ಮೇಲೆ ಹೊಲದ ಕಾಗದವೊಂದು ಬರುತ್ತದೆ. ಅವನ ಎಡಗೈಯ ಹೆಬ್ಬೆಟ್ಟಿಗೆ ಮಸಿ ಹಚ್ಚಲಾಗುತ್ತದೆ. ಅದರಲ್ಲಿ ಬರೆದುದನ್ನು ಅವನಿಗೆ ಓದಿ ಹೇಳಬೇಕೆಂದು ಯಾರಿಗೂ ತೋರುವುದಿಲ್ಲ. ಸೇಡಂ, ಚಿಂಚೋಳಿಗಳ ತೊಗರಿಯ ಹೊಲಕ್ಕೂ, ಚಿತ್ತಾಪುರ, ಶಹಾಬಾದಗಳ ಕಲ್ಲುಗಣಿಯ ನೆಲಕ್ಕೂ ಬೆಲೆಯಿರುವಲ್ಲಿ ಇದನ್ನು ಬರಿಯ ಉಪಚಾರದ ಲೋಪವೆಂದು ತಳ್ಳಿಹಾಕಲಾಗದು. ಮಾತಿಲ್ಲದವನಿಗೆ ಮತಿಯೂ ಇಲ್ಲವೆಂದು ಎಣಿಸುವುದು ನ್ಯಾಯವೇ?

ಇದಕ್ಕೆ ಉತ್ತರವನ್ನು ಅರಸುವವರು ಮೊದಲು ಮಿದುಳಿನ ರಚನೆಯನ್ನು ಒಂದಿಷ್ಟು ನೋಡುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಿದುಳು ಸಂಗ್ರಹಾಲಯದಲ್ಲಿ ಸಾಮಾನ್ಯ ಜನರೂ ಮನುಷ್ಯನ ಮಿದುಳನ್ನು ಕಣ್ಣಾರೆ ಕಾಣಬಹುದು. ಕೊಯ್ದ ಮಿದುಳಿನ ಹೊರಅಂಚಿನಲ್ಲಿ ಬೂದುಬಣ್ಣದ ತೆಳುವಾದ ಪದರವೊಂದಿದೆ. ಒಳಗೆಲ್ಲ ಬಿಳಿಯ ದ್ರವ್ಯ. ಬೂದು ಪದರದಲ್ಲಿ ಜೀವಕೋಶಗಳ ಬೀಡು. ಬಿಳಿಯದು ಆ ಕೋಶಗಳಿಂದ ಹೊರಟ ಎಳೆಗಳ ಸಮೂಹ. ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು; ಬಿಳುಪು ಬಂದುದು ಅದರಿಂದ. ಹೊದಿಕೆಯಿಲ್ಲದ ಸಣ್ಣ ಎಳೆಯಲ್ಲಿ ಸಂದೇಶವು ಸೆಕೆಂಡಿಗೆ ಒಂದು ಮೀಟರಿನಷ್ಟು ಸಾಗಿದರೆ, ದಪ್ಪ ಹೊದಿಕೆಯ ಎಳೆಯಲ್ಲಿ 100 ಮೀಟರಿನವರೆಗೂ ಓಡಬಲ್ಲದು. ತರುಣನೊಬ್ಬನ ಮಿದುಳಿನಲ್ಲಿರುವ ಇಂಥ ಎಳೆಗಳನ್ನೆಲ್ಲ ಜೋಡಿಸಿದರೆ ಅವುಗಳ ಉದ್ದ ಸುಮಾರು 1,50,000 ಕಿಲೋಮೀಟರುಗಳಿಗೆ ಕಡಮೆಯಾಗಲಾರದೆಂದು ಗಣಿಸಿದ್ದಾರೆ. ಎಡ ಬಲ ಅರ್ಧಗಳನ್ನು ಕೂಡಿಸುವ ಸೇತುವೆಯೊಂದರಲ್ಲಿಯೇ ಸುಮಾರು 20 ಕೋಟಿ ಎಳೆಗಳಿವೆ. ಒಂದೇ ಅರ್ಧದೊಳಗೆ ಮುಂದಣ ಭಾಗವನ್ನು ಹಿಂದಣ ಭಾಗಕ್ಕೆ ಸೇರಿಸುವ ಹಾದಿಗಳು ಬೇರೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಹಾದಿಗಳು ಬೇರೆ.

ಈ ಹಾದಿಗಳ ಮಹತ್ವವು ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾದವರಿಗೆ ಸುಲಭವಾಗಿ ತಿಳಿದೀತು. ಅಲ್ಲಿಂದ ಒಂದು ಮಾರ್ಗ ಶಹಾಬಾದದ ಮೇಲೆ ಕಲಬುರಗಿಗೂ ಸೊಲ್ಲಾಪುರಕ್ಕೂ, ಒಂದು ರಾಯಚೂರಿಗೂ, ಒಂದು ಚಿತ್ತಾಪುರ, ಸೇಡಂಗಳನ್ನು ಹಾದು ಸಿಕಂದರಾಬಾದಿಗೂ ಹೋಗುತ್ತದೆ. ಊರಾಗಿ ನೋಡಿದರೆ ವಾಡಿ ದೊಡ್ಡದಲ್ಲ. ಆದರೆ ಅಲ್ಲಿ ಹಳಿ ಕೆಟ್ಟರೆ ದೂರದ ಪಟ್ಟಣಗಳು ಒಂದಕ್ಕೊಂದು ಎಟುಕದಂತಾಗುತ್ತವೆ. ಮಿದುಳಿನ ಆಳದಲ್ಲಿಯೂ ಇಂಥದೊಂದು ಇಕ್ಕಟ್ಟಾದ ಕಣಿವೆಯಿದೆ. ವೈದ್ಯರು ಅದನ್ನು ಇಂಟರ್ನಲ್ ಕ್ಯಾಪ್ಸೂಲ್ ಎನ್ನುತ್ತಾರೆ. ಕೈಕಾಲುಗಳಿಗೂ ಮುಖಕ್ಕೂ ನಾಲಗೆಗೂ ಹೋಗುವ ಎಳೆಗಳೆಲ್ಲ ಅಲ್ಲಿ ಒತ್ತೊತ್ತಾಗಿ ಇಳಿಯುತ್ತವೆ. ಕಡಲೆಕಾಳಿನಷ್ಟು ಜಾಗಕ್ಕೆ ರಕ್ತ ನಿಂತುಹೋದರೂ ಅರ್ಧ ಶರೀರವೇ ಸೋತು, ಮಾತು ತೊದಲುತ್ತದೆ. ಎಳೆಗಳು ಕೆಳಗೆ ಎಡದಿಂದ ಬಲಕ್ಕೆ ದಾಟುವುದರಿಂದ, ಪೆಟ್ಟು ಎಡದಲ್ಲಾದರೆ ಬೀಳುವುದು ಬಲಗೈ. ಆದರೆ ಆಲೋಚನೆಯ ಪಟ್ಟಣಗಳು ಅಲ್ಲಿಲ್ಲ. ಹಳಿ ಮುರಿಯಿತೆಂದು ಶಹಾಬಾದದಲ್ಲಿ ಮನೆಗಳು ಬೀಳುವುದಿಲ್ಲ. ಅಲ್ಲಿಂದ ಸುದ್ದಿ ಮಾತ್ರ ಬಾರದು.

ಮಾತಿನ ಹಾದಿಯ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದುದು. 1861ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ಕಂಡನು. ಅವನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ‘ತಾನ್’ ಎಂಬ ಒಂದು ಶಬ್ದವನ್ನಲ್ಲದೆ ಬೇರೇನನ್ನೂ ಆಡಲಾರದವನಾಗಿದ್ದನು. ಇತರರು ಹೇಳಿದುದನ್ನು ಮಾತ್ರ ಬಹುಮಟ್ಟಿಗೆ ತಿಳಿಯುತ್ತಿದ್ದನು. ಅವನು ಸತ್ತ ಮೇಲೆ ಮಿದುಳಿನ ಎಡ ಮುಂಭಾಗದಲ್ಲಿ ಹಾನಿ ಕಂಡುಬಂದು, ಮಾತಿನ ನೆಲೆ ಅದೇ ಎಂದಾಯಿತು. ಬ್ರೋಕಾ ಆ ಮಿದುಳನ್ನು ಕೊಯ್ಯದೆ ಕಾಪಾಡಿದನು. ಈ ಸಂಯಮದ ಫಲ ಲಭಿಸಿದ್ದು 2007ರಲ್ಲಿ: ಎಂ.ಆರ್.ಐ. ಯಂತ್ರದಿಂದ ನೋಡಿದಾಗ ಹಾನಿಯು ಹೊರಗಿನ ಪದರದಲ್ಲಿಯೇ ನಿಲ್ಲದೆ ಒಳಗಿನ ಬಿಳಿಯ ಹಾದಿಗಳನ್ನೂ ತಿಂದಿತ್ತೆಂದು ತಿಳಿಯಿತು. ಈ ನಡುವೆ 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಿದ್ದ ವರ್ಷದಲ್ಲಿಯೇ, ಜರ್ಮನಿಯ ತರುಣ ವೈದ್ಯ ಕಾರ್ಲ್ ವೆರ್ನಿಕೆ ಒಂದು ಗ್ರಂಥವನ್ನು ಪ್ರಕಟಿಸಿದನು. ಕೇಳಿ ತಿಳಿಯುವ ನೆಲೆಯೊಂದು, ಆಡುವ ನೆಲೆಯೊಂದು. ಎರಡೂ ಉಳಿದು ನಡುವಣ ಹಾದಿ ಮಾತ್ರ ಕಡಿದರೂ ಮಾತಿಗೆ ಅದರದೇ ಒಂದು ವಿಕಾರ ಬರಬೇಕೆಂದು ಅವನ ತರ್ಕ. ಕೇಳಿದ್ದು ತಿಳಿಯುವ, ಸ್ವಂತವಾಗಿ ಮಾತನಾಡಬಲ್ಲ, ಆದರೆ ಇನ್ನೊಬ್ಬರ ಮಾತನ್ನು ಇದ್ದಂತೆ ಮರುನುಡಿಯಲಾರದ ರೋಗಿಗಳು ಆಮೇಲೆ ದೊರೆತೇ ದೊರೆತರು. ತಪ್ಪು ಹಾದಿಯೊಂದರದೇ ಅಲ್ಲ, ಬದಿಯ ಬೂದು ಪದರದ್ದೂ ಹೌದೆಂದು ಈಚಿನವರು ತಿದ್ದಿದ್ದಾರೆ.

ಆದರೆ ಇಷ್ಟರಿಂದಲೇ ಮಾತು ನಿಂತವರೆಲ್ಲರ ಬುದ್ಧಿ ಅಕ್ಷತವಾಗಿದೆಯೆಂದು ಹೊರಟರೆ ಅದು ದಯೆಯಾದೀತೇ ಹೊರತು ಸತ್ಯವಾಗದು. ವೆರ್ನಿಕೆ ವರ್ಣಿಸಿದ ಮತ್ತೊಂದು ಬಗೆಯ ರೋಗಿಗಳು ಧಾರಾಳವಾಗಿ ಮಾತನಾಡುತ್ತಾರೆ, ಕೇಳಿದ್ದು ಮಾತ್ರ ಅವರಿಗೆ ತಿಳಿಯದು. ಮಾತು ಬರುವುದಷ್ಟರಿಂದ ಅರಿವು ಸಿದ್ಧವಾಗದು, ಬಾರದಿರುವುದರಿಂದ ಅರಿವಿನ ಅಭಾವವೂ ಸಿದ್ಧವಾಗದು, ನೋಡಿಯೇ ತಿಳಿಯಬೇಕು. ಹೌದು-ಅಲ್ಲ ಎಂಬುದಕ್ಕೆ ಕಣ್ಣುಮುಚ್ಚಿ ತೆರೆಯಹೇಳುವುದು, ಎರಡು ವಸ್ತುಗಳನ್ನಿಟ್ಟು ಬೇಕಾದುದನ್ನು ತೋರಿಸಹೇಳುವುದು, ಒಂದೇ ಪ್ರಶ್ನೆಯನ್ನು ತಿರುವಿ ಕೇಳುವುದು, ಇವಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ಆ ತಾಳ್ಮೆ ಕಾಗದ ತಂದವರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. 1872ರ ಕರಾರು ಕಾಯ್ದೆ ಕೇಳುವುದೂ ಮಾತನ್ನಲ್ಲ, ವ್ಯವಹಾರವನ್ನು ತಿಳಿದು ತನ್ನ ಹಿತಾಹಿತವನ್ನು ವಿವೇಚಿಸಬಲ್ಲನೇ ಎಂಬುದನ್ನು.

ಶಹಾಬಾದದ ಸಮೀಪದ ಮರತೂರು ಮಿತಾಕ್ಷರಾಕರ್ತನಾದ ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಷ್ಟೆ. ಯಾಜ್ಞವಲ್ಕ್ಯನು ಉನ್ಮತ್ತ, ಜಡ, ಅಂಧ, ಪಂಗು ಮೊದಲಾದವರಿಗೆ ಆಸ್ತಿಯಲ್ಲಿ ಭಾಗವಿಲ್ಲ, ಅವರನ್ನು ಪೋಷಿಸಬೇಕು ಎಂದು ವಿಧಿಸಿದ್ದಾನೆ. ಮನುವಿನ ಪಟ್ಟಿಯಲ್ಲಿ ಮೂಕನೂ ಸೇರಿದ್ದಾನೆ. ಹುಚ್ಚನನ್ನೂ ಮೂಕನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಅನ್ಯಾಯವೆಂದೇ ಹೇಳಬೇಕು. ಆದರೂ ಕಲ್ಯಾಣದ ವಿಕ್ರಮಾದಿತ್ಯನ ಕಾಲದ ಆ ಪಂಡಿತನು ಆ ವಿಧಿಯನ್ನು ಎರಡು ಕಡೆ ಬಿಗಿಹಿಡಿದಿದ್ದಾನೆ. ಭಾಗವಾದ ಮೇಲೆ ದೋಷ ಬಂದರೆ ಪಡೆದ ಭಾಗ ತಪ್ಪುವುದಿಲ್ಲ. ಮೊದಲೇ ಇದ್ದ ದೋಷ ಔಷಧಾದಿಗಳಿಂದ ಕಳೆದರೆ, ವಿಭಾಗವಾದ ಮೇಲೆಯೂ ಅವನಿಗೆ ಭಾಗ ಸಲ್ಲಬೇಕು. ಹೋದುದು ಮರಳಿ ಬರಬಹುದೆಂಬ ಸಾಧ್ಯತೆಗೆ ಅವನು ಬಾಗಿಲು ತೆರೆದಿಟ್ಟಿದ್ದನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೂ ರೋಗವಾಗಲಿ ಅಂಗದ ಊನವಾಗಲಿ ಹಕ್ಕಿಗೆ ಅಡ್ಡಬಾರದೆಂದು ಆ ಪಟ್ಟಿಯನ್ನೇ ತೊಡೆದುಹಾಕಿತು.

ಮರಳಿ ಬರುವುದೂ ಉಂಟು, ಅದೂ ಬೇರೆ ಹಾದಿಯಿಂದ. ಎಡಭಾಗದ ಹಾನಿಯಿಂದ ಮಾತು ಕಳೆದುಕೊಂಡವರಲ್ಲಿ ಕೆಲವರು ಹಿಂದೆ ಬಾಯಿಪಾಠವಾಗಿದ್ದ ಹಾಡನ್ನು ಶಬ್ದಸಹಿತವಾಗಿ ಹಾಡಬಲ್ಲರು. ರಾಗಕ್ಕೆ ಮಿದುಳಿನ ಬಲಭಾಗವೂ ನೆರವಾಗುತ್ತದೆಂದು ವೈದ್ಯರ ಅಭಿಪ್ರಾಯ. ಸಂಜೆಯ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನ ತತ್ತ್ವಪದವನ್ನು ಎತ್ತಿಕೊಂಡಾಗ, ಮೂಲೆಯಲ್ಲಿ ಕುಳಿತ ಅಂಥ ಹಿರಿಯನು ಮೆಲ್ಲನೆ ದನಿಗೂಡಿಸಿ ಎರಡನೆಯ ನುಡಿಯನ್ನೂ ಮುಗಿಸಬಹುದು. ಪದ ನಿಂತೊಡನೆ, ನೀರು ಬೇಕೆನ್ನಲಾರದೆ, ಅವನು ಎಡಗೈಯಿಂದ ತಂಬಿಗೆಯ ಕಡೆಗೆ ತೋರಿಸುತ್ತಾನೆ.